ಸೊಂಟದೆತ್ತರದ ಶಾಟ್

ಟಿವಿ ಚಾನೆಲ್‌ನ ಕ್ಯಾಮೆರಾದವಳಿಗೆ ಎತ್ತರವಿರಲಿಲ್ಲ. ಮೂರು ವರ್ಷ ಸ್ಟುಡಿಯೋದಲ್ಲೇ ನಿಂತು ವಾರ್ತೆ ಓದುವವರ ಮುಖ ಹಿಡಿದಿದ್ದಳು. ಹೊರಗಿನ ಕೆಲಸ ಕೇಳಿದಾಗಲೆಲ್ಲ ಚೀಫ್ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, "ನಿನ್ನನ್ನ ನೋಡಿ ಮುಗಿಸೋಕೆ ಜಾಸ್ತಿ ಹೊತ್ತು ಬೇಕಾಗಲ್ಲ ಬಿಡು" ಎನ್ನುತ್ತಿದ್ದರು.

ಹೊರಗಿನ ಕೆಲಸದ ಕ್ಯಾಮೆರಾದವರಿಬ್ಬರು ಜ್ವರವೆಂದು ಮಲಗಿದ್ದರಿಂದ ಕಾಲುಸೇತುವೆಯ ಉದ್ಘಾಟನೆ ಅವಳ ಪಾಲಿಗೆ ಬಂತು.

"ಮಂತ್ರಿಗಳು ರಿಬ್ಬನ್ ಕತ್ತರಿಸೋದು ಬೇಕೇ ಬೇಕು. ತಪ್ಪಿತೋ, ಮತ್ತೆ ಸ್ಟುಡಿಯೋನೇ ಗತಿ" ಎಂದರು ಚೀಫ್.

ಮರುದಿನ ಅಮ್ಮನಿಗೆ ಹೇಳದೆ ಅಡುಗೆಮನೆಯ ಸ್ಟೂಲ್ ಎತ್ತಿಕೊಂಡು ಹೋದಳು. ಬೇರೆ ಚಾನೆಲ್‌ಗಳ ಏಳು ಮಂದಿ ಆಗಲೇ ಭುಜಕ್ಕೆ ಭುಜ ಒತ್ತಿ ಗೋಡೆಯಾಗಿದ್ದರು.

"ಏನ್ ಚೋಟು, ಅಡುಗೆಮನೆನೇ ಹೊತ್ಕೊಂಡು ಬಂದ್ಯಾ?" ಎಂದ ಅವರಲ್ಲಿ ಎಲ್ಲರಿಗಿಂತ ಉದ್ದನೆಯವನು.

"ನೀನು ಹೆಗಲ ಮೇಲೆ ಕೂರಿಸ್ಕೊಳ್ಳಲ್ವಲ್ಲಣ್ಣ, ಅದಕ್ಕೆ."

ಸ್ಟೂಲ್ ಹತ್ತಿ ಕ್ಯಾಮೆರಾದ ಗುಂಡಿ ಒತ್ತಿದಳು. ಅಷ್ಟರಲ್ಲಿ ಮಂತ್ರಿಗಳ ಕಾರು ಬಂತೆಂದು ಜನ ನುಗ್ಗಿದರು. ತಳ್ಳಾಟಕ್ಕೆ ಅವಳು ಕೆಳಗಿಳಿಯುವ ಹೊತ್ತಿಗೆ ಸ್ಟೂಲ್ ಜನರ ಕಾಲುಗಳ ನಡುವೆ ಮಾಯವಾಗಿತ್ತು. ಕ್ಯಾಮೆರಾ ಸೊಂಟದ ಬಳಿ ನೇತಾಡುತ್ತಿತ್ತು. ಕೊನೆಗೆ ಮಂತ್ರಿಗಳು ಕತ್ತರಿ ಹಿಡಿದಾಗ ಅದನ್ನೇ ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಗುಂಡಿ ಒತ್ತಿದಳು. ತೋಳು ಸೋತರೂ ಭಾಷಣ ಮುಗಿಯುವವರೆಗೆ ಇಳಿಸಲಿಲ್ಲ.

ಆ ಗುಂಡಿಯನ್ನು ಒಮ್ಮೆ ಒತ್ತಿದರೆ ರೆಕಾರ್ಡಿಂಗ್ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಸ್ಟೂಲಿನ ಮೇಲೆ ಒಮ್ಮೆ ಒತ್ತಿದ್ದನ್ನು ಅವಳು ಮರೆತಿದ್ದಳು. ರೆಕಾರ್ಡಿಂಗ್ ಆಗುವಾಗ ಉರಿಯುವ ಕೆಂಪು ದೀಪ ಆರಿದ್ದು ಕೆಳಗಿನಿಂದ ಕಾಣಲಿಲ್ಲ.

ಎಡಿಟಿಂಗ್ ಕೋಣೆಯಲ್ಲಿ ಎಡಿಟರ್ ಅಕ್ಕ ದೃಶ್ಯ ಹಾಕಿದಳು. ಬೂಟು, ಚಪ್ಪಲಿ, ಪ್ಯಾಂಟಿನ ಅಂಚು.

"ಏನೇ ಇದು, ಚಪ್ಪಲಿ ಅಂಗಡಿ ಜಾಹೀರಾತಾ?"

ಅವಳು ತಿರುಗಿ ನೋಡಿದಳು. ಚೀಫ್ ಬಾಗಿಲಲ್ಲೇ ನಿಂತಿದ್ದರು.

ಆಗ ಪರದೆಯ ಮೇಲೆ, ಎರಡು ಜೊತೆ ಕಾಲುಗಳ ನಡುವೆ, ಊಟದ ಕ್ಯಾರಿಯರ್ ಹಿಡಿದ ಒಬ್ಬ ಅಜ್ಜಿ ಬಗ್ಗಿ ರಿಬ್ಬನ್ ಅಡಿ ನುಸುಳಿದಳು.

"ಅಜ್ಜಿ, ಮಂತ್ರಿಗಳು ಇನ್ನೂ ಕತ್ತರಿಸಿಲ್ಲ!" ಎಂದಿತು ಕಾವಲುಗಾರನ ದನಿ.

"ಅವರು ನಿಧಾನಕ್ಕೆ ಕತ್ತರಿಸ್ಲಿ ಕಣಪ್ಪ. ನನ್ನ ಮಗಳು ಆಚೆ ದಡದಲ್ಲಿ ಹಸ್ಕೊಂಡು ಕೂತಿದ್ದಾಳೆ. ನಾಲ್ಕು ವರ್ಷ ಸುತ್ತಿ ಬಳಸಿ ನಡೆದದ್ದು ಸಾಕು."

ಖಾಲಿ ಸೇತುವೆಯ ಮೇಲೆ ಅಜ್ಜಿ ಒಬ್ಬಳೇ ದಾಟಿ ಹೋದಳು. ಆಮೇಲೆ ಪರದೆ ಕಪ್ಪಾಯಿತು.

ಎಡಿಟರ್ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೀಫ್ ನಗಲಿಲ್ಲ.

"ಮಂತ್ರಿಗಳ ಕತ್ತರಿ ಎಲ್ಲಿ?"

"ಇಲ್ಲ ಸರ್. ಗುಂಡಿ ಉಲ್ಟಾ ಒತ್ತಿಬಿಟ್ಟೆ."

"ಕತ್ತರಿ ಬಾಕಿ ಏಳು ಚಾನೆಲ್‌ನಲ್ಲೂ ಬರುತ್ತೆ. ಈ ಅಜ್ಜಿ ಯಾರ ಹತ್ರ ಇದ್ದಾಳೆ?" ಅಷ್ಟು ಹೇಳುವುದರೊಳಗೆ ಅವರಿಗೂ ನಗು ತಡೆಯಲಾಗಲಿಲ್ಲ. "ನಾಳೆ ಎಂಟಕ್ಕೆ ಮಾರುಕಟ್ಟೆ ಶೂಟಿಂಗ್‌ಗೆ ಹೊರಡು. ಕೆಂಪು ದೀಪ ನೋಡೋದು ಕಲಿ."

"ಮೇಲೆತ್ತಿದ್ರೆ ಕಾಣಲ್ಲ ಸರ್."

"ಹಾಗಾದ್ರೆ ಎತ್ತಬೇಡ ಮಾರಾಯ್ತಿ!"

ಸಂಜೆ ಅಜ್ಜಿ ಟಿವಿಯಲ್ಲಿ ಎರಡು ಸಲ ಸೇತುವೆ ದಾಟಿದಳು. ಅಮ್ಮ ಎರಡು ಸಲವೂ ಚಪ್ಪಾಳೆ ತಟ್ಟಿದಳು. ಆಮೇಲೆ ಮೇಲಿನ ಕಪಾಟಿನ ಡಬ್ಬಿಗೆ ಕೈ ಚಾಚಿ, "ಲೇ, ನನ್ನ ಸ್ಟೂಲ್ ಎಲ್ಲೇ?" ಎಂದಳು.

ಒಟ್ಟು ಕಳೆದದ್ದು: ರಿಬ್ಬನ್ ಕತ್ತರಿಸಿದ ಶಾಟ್ ಒಂದು, ಭಾಷಣ ಹನ್ನೊಂದು ನಿಮಿಷ, ಸ್ಟೂಲ್ ಒಂದು.