ಮೇಜಿನ ಆಚೆಯ ಕುರ್ಚಿ

ಗೋದಾಮಿನ ಮೇಸ್ತ್ರಿ ಬಾಗಿಲಲ್ಲಿ ನಿಂತಾಗ ತಾಯಿ ಮಗನ ಅಂಗಿ ಮಡಿಚುತ್ತಿದ್ದಳು. ಸರಕಿನ ಲಿಫ್ಟ್ ಬಿತ್ತು, ಅದನ್ನು ನಡೆಸುತ್ತಿದ್ದ ಅವಳ ಮಗ ಉಳಿಯಲಿಲ್ಲ ಎಂದ. ಅದೇ ಉಸಿರಿನಲ್ಲಿ, "ಸದ್ದು ಬರ್ತಿದ್ರೂ ಯಾರನ್ನೂ ಕೇಳದೆ ಓಡಿಸ್ಬಿಟ್ಟ, ತಾಯಿ. ಅವನದೇ ತಪ್ಪು," ಎಂದೂ ಸೇರಿಸಿದ. ಅಂದಿನಿಂದ ಅವಳು ಪ್ರತಿ ಸಂಜೆ ಕೈಮುಗಿದು, "ನನ್ನ ಮಗನ ತಪ್ಪು ಮನ್ನಿಸಿ ಅವನಿಗೆ ಶಾಂತಿ ಕೊಡು ದೇವರೇ," ಎಂದು ಬೇಡುವಳು.

ಕೆಲವು ವಾರಗಳಾದ ಮೇಲೆ ಗೋದಾಮಿನ ಮ್ಯಾನೇಜರು ಸತ್ತವನ ತಂಗಿಗೆ ಹೇಳಿಕಳಿಸಿದರು. ಆಫೀಸಿನಲ್ಲಿ ಕೆಲಸವುಂಟು, ಮೊದಲು ಒಂದು ದಿನ ತಮ್ಮ ಪಕ್ಕ ಕೂತು, ಸಂದರ್ಶನ ಹೇಗೆ ಎದುರಿಸಬೇಕೆಂದು ನೋಡಿ ಕಲಿಯಲಿ. ಸಂದರ್ಶನವೆಂದರೆ ನಾಲಗೆ ಒಣಗುವ ಹುಡುಗಿ ಅವಳು.

"ಇದ್ದಕ್ಕಿದ್ದ ಹಾಗೆ ಕರುಣೆ ಉಕ್ಕಿದ್ದು ಯಾಕೋ," ಎಂದ ಸೋದರಮಾವ. "ಬಾಯಿ ಮುಚ್ಚಿಸೋಕೆ ಕುರ್ಚಿ ಕೊಡ್ತಿದಾರೆ. ಒತ್ತಿ ನೋಡ್ಕೊಂಡು ಕೂತ್ಕೊಳೇ."

"ನೀನು ಸುಮ್ನಿರೋ," ಎಂದಳು ತಾಯಿ. "ಈ ಮನೇಲಿ ಇನ್ನು ದುಡಿಯೋರು ಯಾರಿದಾರೆ?"

ಆಫೀಸಿನಲ್ಲಿ ಮ್ಯಾನೇಜರರ ಪಕ್ಕದ ಕುರ್ಚಿ ಮೆತ್ತಗೇ ಇತ್ತು. ಅಣ್ಣನ ಕೆಲಸ ಕೇಳಿಕೊಂಡು ಸಂದರ್ಶನಕ್ಕೆ ಬಂದವರ ಅದುರುವ ಮೊಣಕಾಲು, ಒದ್ದೆ ಅಂಗೈಯನ್ನು ಪ್ಯಾಂಟಿಗೆ ಒರೆಸುವುದು, ಎಲ್ಲವೂ ಅಲ್ಲಿಂದ ಕಾಣುತ್ತಿತ್ತು. ತಾನೂ ಹೀಗೇ ಕಾಣುತ್ತಿದ್ದೆನೇ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಅವಳ ಒಂದು ಕಣ್ಣು ಮ್ಯಾನೇಜರರ ಮೇಲೇ ಇತ್ತು. ಅವರು ಎಲ್ಲರಿಗೂ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಲಿಫ್ಟ್ ಸದ್ದು ಮಾಡ್ತಿದೆ. ಓಡಿಸು ಅಂತ ನಾನು ಹೇಳ್ತೀನಿ. ಏನ್ಮಾಡ್ತೀಯ?"

ಎಲ್ಲರೂ ಓಡಿಸುವವರೇ. ಒಬ್ಬ ಉದ್ದನೆಯ ಯುವಕ ಮಾತ್ರ, "ನಿಲ್ಲಿಸ್ತೀನಿ ಸಾರ್. ರಿಪೇರಿಯವರಿಗೆ ತೋರಿಸಿ ಆಮೇಲೆ ಓಡಿಸ್ತೀನಿ," ಎಂದ.

"ಸರಿ, ಹೋಗಿ ಬಾ."

ಬಾಗಿಲು ಮುಚ್ಚಿತು. ಮ್ಯಾನೇಜರು ಪಾಠ ಹೇಳುವವರಂತೆ ಅವಳತ್ತ ಬಾಗಿದರು. "ನೋಡಿದ್ಯೇನಮ್ಮ? ಕೆಲಸ ಬೇಕಾದೋರು ಹೀಗೆ ಹೇಳಬಾರದು. ನಿಮ್ಮಣ್ಣ ಎಂಥ ಒಳ್ಳೇ ಹುಡುಗ. ಆವತ್ತೂ ಅಷ್ಟೇ, ಸದ್ದು ಬರ್ತಿದೆ ಸಾರ್ ಅಂದ. ಓಡಿಸಯ್ಯ ಅಂದೆ. ಎದುರಾಡದೆ..."

ಮಾತು ಅಲ್ಲೇ ನಿಂತಿತು. ಅವರು ನೀರಿನ ಲೋಟಕ್ಕೆ ಕೈ ಚಾಚಿದರು.

"ಈಗ ನೀನು ಆ ಕಡೆ ಕೂತ್ಕೋ," ಎಂದರು ಬಾಯಿ ಒರೆಸಿಕೊಂಡು. "ನಿನ್ನ ಸಂದರ್ಶನ ಮುಗಿಸಿಬಿಡೋಣ."

ಅವಳು ಮೇಜು ಬಳಸಿ ಹೋಗಿ ಕೂತಳು. ಪ್ರಶ್ನೆ ಬರುವ ಮೊದಲೇ, "ನಿಲ್ಲಿಸ್ತೀನಿ ಸಾರ್," ಎಂದಳು. ನಾಲಗೆ ಒಣಗಲಿಲ್ಲ.

"ಕೆಲಸ ಆಯ್ತಾ?" ಎಂದಳು ತಾಯಿ, ಮನೆ ಬಾಗಿಲಲ್ಲಿ ಮಗಳ ಚಪ್ಪಲಿಯ ಸದ್ದು ಕೇಳಿದೊಡನೆ.

"ಇಲ್ಲಮ್ಮ. ಅಣ್ಣ ಸದ್ದು ಬರ್ತಿದೆ ಅಂತ ಹೇಳಿದ್ನಂತೆ. ಓಡಿಸು ಅಂದಿದ್ದು ಅವರೇ."



ಸಂಜೆ ತಾಯಿ ಎಂದಿನಂತೆ ಕೈಮುಗಿದು ನಿಂತಳು. "ನನ್ನ ಮಗನ..." ಎಂದು ಆರಂಭಿಸಿ ತಡೆದಳು. ಆಮೇಲೆ ಮತ್ತೆ ಮೊದಲಿನಿಂದ ಹೇಳಿದಳು:

"ನನ್ನ ಮಗನಿಗೆ ಶಾಂತಿ ಕೊಡು ದೇವರೇ."