ಹದಿನಾರನೇ ಹೋಲಿನ ಮರಳುಗುಂಡಿ

ನಾನು ಒಂದು ಮರಳುಗುಂಡಿ. ಗಾಲ್ಫ್ ಆಡುವವರು ನನ್ನನ್ನು ಬಂಕರ್ ಎನ್ನುತ್ತಾರೆ. ಚೆಂಡು ನನ್ನೊಳಗೆ ಬಿದ್ದಾಗ ಇನ್ನೂ ಏನೇನೋ ಎನ್ನುತ್ತಾರೆ. ಮೈಸೂರಿನ ಹೊರವಲಯದ ಹಳೆಯ ಮೈದಾನವೊಂದರಲ್ಲಿ, ಚೆಂಡು ಕೆಡವಬೇಕಾದ ಹದಿನಾರನೇ ಕುಳಿಗೆ, ಅಂದರೆ ಹೋಲಿಗೆ, ಹೋಗುವ ದಾರಿಯ ನಟ್ಟನಡುವೆ ನನ್ನ ವಾಸ.

ಮೈದಾನದ ನಕ್ಷೆ ಬರೆದ ಇಂಗ್ಲಿಷ್ ದೊರೆಯೇ ನನ್ನನ್ನು ಹುಟ್ಟಿಸಿದವನು. ಎಂಟು ದಿನ ಬೇರೆಯವರಿಂದ ಚೆಂಡು ಹೊಡೆಸಿ, ಒಳ್ಳೆಯ ಹೊಡೆತಗಳು ಬಂದು ಬೀಳುವ ಜಾಗಕ್ಕೇ ಸುಣ್ಣದ ಗೆರೆ ಎಳೆದು ಅಗೆಸಿದ. ಬಲಗಡೆ ಅಗಲವಾದ ದಾರಿ, ಆದರೆ ಸುತ್ತು. ಎಡಗಡೆ ಹತ್ತಿರ, ಆದರೆ ಪಕ್ಕದಲ್ಲೇ ಕೆರೆ. ನೇರವಾಗಿ ಹೋಗುತ್ತೇನೆ ಎಂದವನಿಗೆ ನಾನು. ಆಡುವವನು ತೋಳಿಗಿಂತ ಮೊದಲು ತಲೆ ಓಡಿಸಬೇಕು ಎಂಬುದು ದೊರೆಯ ಹಟ. ಆ ಹಟ ನನಗೂ ಬಂತು.

ದೊರೆ ಹೋದ ಮೇಲೆ ಕ್ಲಬ್ಬಿನ ಸದಸ್ಯರು ಸಭೆ ಸೇರಿದರು. ನೆಟ್ಟಗೆ ಹೊಡೆದವನಿಗೆ ಶಿಕ್ಷೆ ಕೊಡುವುದು ಅನ್ಯಾಯ ಎಂದು ತೀರ್ಮಾನಿಸಿ, ನನ್ನ ಮೇಲೆ ಲಾರಿಗಟ್ಟಲೆ ಮಣ್ಣು ಸುರಿದು ಹುಲ್ಲು ನೆಟ್ಟರು. ನಾನು ಸತ್ತೆನೆಂದುಕೊಂಡರು. ಆದರೆ ನನ್ನ ಮರಳು ಕೆಳಗೇ ಇತ್ತು. ಪ್ರತಿ ಬೇಸಿಗೆಯಲ್ಲೂ ನನ್ನ ಮೇಲಿನ ಹುಲ್ಲು ಎಲ್ಲಕ್ಕಿಂತ ಮೊದಲು ಒಣಗಿ, ಹಸಿರಿನ ನಡುವೆ ನನ್ನದೇ ಆಕಾರದ ಹಳದಿ ಗುರುತು ಏಳುತ್ತಿತ್ತು. ನಲವತ್ತು ವರ್ಷ ಹಾಗೇ ಎದ್ದೆ.

ಅದಕ್ಕೆ ಬೈಗುಳ ತಿಂದವಳು ಮಾತ್ರ ಹುಲ್ಲು ನೋಡಿಕೊಳ್ಳುತ್ತಿದ್ದ ಅಕ್ಕಯ್ಯಮ್ಮ.

"ನೀರು ಬಿಡ್ತೀಯೋ ಇಲ್ವೋ?" ಎಂದು ಗದರಿದರು ಕ್ಲಬ್ಬಿನ ಕಾರ್ಯದರ್ಶಿ ನಂಜರಾಜ ಅರಸ್.

"ದಿನಾ ಎರಡೊತ್ತು ಬುಡ್ತೀನಿ ಬುದ್ಧಿ. ಕೆಳಗಿರೋ ಮರಳು ಕುಡ್ಕಂಬುಡ್ತದೆ."

"ನೆಪ ಹೇಳ್ಬೇಡ. ದೊಡ್ಡ ಚಾಂಪಿಯನ್‌ಷಿಪ್ ಬರ್ತಿದೆ. ಈ ಸಲವೂ ಹಳದಿಯಾದ್ರೆ ನಿನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೊ."

ಹಳದಿಯಾಯಿತು. ಅದೇ ವಾರ, ಮೈದಾನವನ್ನು ಹೊಸದಾಗಿ ರೂಪಿಸಲು ಕೊಡಗಿನ ದೇಚಮ್ಮ ಬಂದರು. ಆ ಗುರುತಿನ ಮುಂದೆ ನಿಂತು, ಇದೇನೆಂದು ಕೇಳಿದರು. ಅರಸರು ಕಣ್ಣು ಕೆಕ್ಕರಿಸಿದರೂ ಅಕ್ಕಯ್ಯಮ್ಮ ಸುಮ್ಮನಾಗಲಿಲ್ಲ.

"ಕೆಲ್ಸ ಹೋದ್ರೆ ಹೋಗ್ಲಿ, ಇದ್ದದ್ದು ಯೋಳ್ತೀನಿ. ಇಲ್ಲಿ ಗುಂಡಿ ಇತ್ತು ಕಣವ್ವ. ನಮ್ಮತ್ತೆ ಇದರ ಮಣ್ಣು ಹೊತ್ತವ್ರೆ."

ದೇಚಮ್ಮ ಸುತ್ತ ನೋಡಿದರು. ಕೆರೆ, ಸುತ್ತುದಾರಿ, ನಡುವೆ ನಾನು. ದೊರೆಯ ಲೆಕ್ಕಾಚಾರ ಅವರಿಗೆ ಹೊಳೆಯಿತು.

"ಇದನ್ನ ತೆರೀಬೇಕು."

"ಸದಸ್ಯರು ಒಪ್ಪಲ್ಲ ಮೇಡಂ," ಎಂದರು ಅರಸರು.

"ಹಾಗಾದ್ರೆ ಮೈದಾನನೂ ಅವರೇ ಮಾಡ್ಕೊಳ್ಲಿ. ನಾನು ಹೊರಟೆ. ನಾನು ಇರ್ಬೇಕಾದ್ರೆ, ಈ ಅಕ್ಕನ ಕೆಲಸಕ್ಕೂ ಯಾರೂ ಕೈ ಹಾಕೋ ಹಾಗಿಲ್ಲ."

ಬೇರೆಯವರನ್ನು ಹುಡುಕಲು ಸಮಯವಿರಲಿಲ್ಲ. ಸದಸ್ಯರು ಒಪ್ಪಿದರು. ನಾನು ಮತ್ತೆ ಬಿಸಿಲು ಕಂಡೆ.

ಚಾಂಪಿಯನ್‌ಷಿಪ್‌ನ ಕೊನೆಯ ದಿನ, ಎಲ್ಲರಿಗಿಂತ ಮುಂದಿದ್ದವನು ನೇರವಾಗಿ ಹೊಡೆದ. ನನ್ನಿಂದ ಹೊರಬರಲು ಅವನಿಗೆ ಮೂರು ಹೊಡೆತ ಬೇಕಾಯಿತು. ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆಲ್ಲುವ ಆಟದಲ್ಲಿ ಒಂದೇ ಹೊಡೆತ ಹೆಚ್ಚಾಗಿ ಸೋತ. ಕೋಲನ್ನು ನೆಲಕ್ಕೆ ಕುಕ್ಕಿ ಶಪಿಸಿದ. ನನಗೆ ಪಶ್ಚಾತ್ತಾಪವಿಲ್ಲ. ಎಡ, ಬಲ ಎರಡೂ ಕಡೆ ದಾರಿ ತೆರೆದೇ ಇತ್ತು.

ಈಗ ನನಗೆ ವಯಸ್ಸಾಗಿದೆ. ಮಳೆಗಾಲಕ್ಕೊಮ್ಮೆ ಅಂಚು ಕುಸಿಯುತ್ತದೆ. ಮುಚ್ಚಿಬಿಡಿ ಎಂಬ ಅರ್ಜಿ ಪ್ರತಿ ವರ್ಷ ಬರುತ್ತದೆ. ಬರಲಿ.

ಅಕ್ಕಯ್ಯಮ್ಮ ನಿವೃತ್ತಳಾದ ದಿನವನ್ನು ಮಾತ್ರ ಹೇಳಿಬಿಡುತ್ತೇನೆ. ಮೈದಾನ ನೋಡಲು ಬಂದಿದ್ದ ದೇಚಮ್ಮ ಅವಳ ಕೈಗೆ ಕೋಲು ಕೊಟ್ಟು, "ಒಂದ್ಸಲ ಹೊಡೀರಿ ಅಕ್ಕ" ಎಂದರು. ಮೂವತ್ತು ವರ್ಷ ಹುಲ್ಲಿನ ಜೊತೆಗೆ ಮರಳುಗುಂಡಿಗಳಲ್ಲಿನ ಆಟಗಾರರ ಹೆಜ್ಜೆಗುರುತನ್ನೂ ಬಾಚಿ ಅಳಿಸಿದವಳು ಒಮ್ಮೆಯೂ ಆಡಿರಲಿಲ್ಲ. ಸೆರಗು ಸಿಕ್ಕಿಸಿ ಬೀಸಿದಳು. ಚೆಂಡು ಉರುಳಿ ನನ್ನೊಳಗೆ ಬಿತ್ತು. ಅವಳೂ ಇಳಿದಳು. ಮೂರು ಸಲ ಮರಳಷ್ಟೇ ಹಾರಿತು. ನಾಲ್ಕನೆಯದಕ್ಕೆ ಚೆಂಡು ಹೊರಗೆ!

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅರಸರು ಅಭ್ಯಾಸಬಲದಿಂದ ಬಾಚುಗೋಲು ಚಾಚಿದರು. "ಬಾಚಿಬಿಟ್ಟು ಹೋಗಮ್ಮ."

"ಇವತ್ತು ನಾನು ಆಡ್ದೋಳು ಬುದ್ಧಿ," ಎಂದಳು ಅಕ್ಕಯ್ಯಮ್ಮ, ತಲೆಯ ಮರಳು ಕೊಡವುತ್ತಾ. "ಬಾಚೋರು ಬ್ಯಾರೆಯೋರು."

ತಿರುಗಿ ನೋಡದೆ ಹೊರಟಳು. ಅರಸರು ಅತ್ತಿತ್ತ ನೋಡಿದರು. ಯಾರೂ ಬರಲಿಲ್ಲ. ಕೊನೆಗೆ ಬೂಟು ಕಳಚಿ ನನ್ನೊಳಗೆ ಇಳಿದು, ಸೊಟ್ಟಸೊಟ್ಟಗೆ ಬಾಚತೊಡಗಿದರು.