ದೇವರ ಹೋರಿಗೆ ಹಗ್ಗ

ದೊಡವಾಡದ ಶಂಕರೆಪ್ಪ ತನ್ನ ಕೊಟ್ಟಿಗೆಯಲ್ಲಿ ಹುಟ್ಟಿದ ಹೋರಿಯನ್ನು ಬಸವಣ್ಣನಿಗೆ ಬಿಟ್ಟಿದ್ದ. ದೇವರಿಗೆ ಬಿಟ್ಟ ಹೋರಿಗೆ ಮತ್ತೆ ಹಗ್ಗ ಹಾಕಬಾರದು ಎಂಬುದು ಊರ ರೂಢಿ. ಅದು ಯಾರ ಹೊಲಕ್ಕೆ ನುಗ್ಗಿದರೂ ಜನ ಕೈಮುಗಿದು ಸುಮ್ಮನಾಗುತ್ತಿದ್ದರು. ೧೯೯೮ರ ಮಳೆಗಾಲದಲ್ಲಿ ಅದರ ಹಿಂಗಾಲಿಗೆ ಗಾಯವಾಗಿ ಹುಳ ಬಿದ್ದವು. ಜನ ಆಗಲೂ ಕೈಮುಗಿದರು.

ಶಂಕರೆಪ್ಪ ಬೈಲಹೊಂಗಲದಿಂದ ದನದ ಡಾಕ್ಟರನ್ನು ಕರೆತಂದ. ಹೋರಿ ಬಸವಣ್ಣನ ಗುಡಿಯ ಮುಂದೆ ಕಾಲೆತ್ತಿಕೊಂಡು ನಿಂತಿತ್ತು.

"ಹಗ್ಗಾ ಹಾಕಿ ಕೆಡವ್ರಿ. ಹುಳಾ ತಗೀಬೇಕು. ಇನ್ನೂ ತಡಾ ಮಾಡಿದ್ರ ಕಾಲು ಹೋಗತೈತಿ," ಎಂದರು ಡಾಕ್ಟರು.

"ದೇವರ ಹೋರಿ ಐತ್ರಿ ಸಾಹೇಬ್ರ. ನಾ ಹೆಂಗ ಹಗ್ಗಾ ಹಾಕ್ಲಿ?"

"ಹಂಗಾರ ದೇವರನ್ನ ಕರೀರಿ, ಅವನಽ ಬಂದು ಹಿಡೀಲಿ."

ನೆರೆದವರು ನಕ್ಕರು, ಹಗ್ಗವನ್ನು ಯಾರೂ ಮುಟ್ಟಲಿಲ್ಲ. ಶಂಕರೆಪ್ಪನಿಗೆ ದಿಕ್ಕು ತೋಚಲಿಲ್ಲ. ಕಟ್ಟಿದರೆ ದೇವರಿಗೆ ಕೊಟ್ಟದ್ದನ್ನು ಕಸಿದಂತೆ. ಕಟ್ಟದಿದ್ದರೆ ಹೋರಿ ಕಣ್ಣೆದುರೇ ಕೊಳೆಯುತ್ತದೆ. ಹೆಂಡತಿ ಬಾಯವ್ವ ಹಗ್ಗ ತಂದು ಅವನ ಕೈಗಿಟ್ಟಳು.

"ಬಿಟ್ಟಿದ್ದು ನೆನಪೈತಿ. ಸಾಕಿದ್ದು ಮರತ್ರೇನು?"

ಶಂಕರೆಪ್ಪ ಗುಡಿಯ ಕಡೆಗೊಮ್ಮೆ ನೋಡಿ ಹೋರಿಯ ಹತ್ತಿರ ಹೋದ. ಹಳೆಯ ಒಡೆಯನ ಕೈ ತಾಗಿದ್ದೇ ಅದು ಮೊದಲಿನಂತೆ ಕೊರಳು ಬಗ್ಗಿಸಿತು. ಪಾಪವೋ ಪುಣ್ಯವೋ ತಿಳಿಯದೆಯೇ ಶಂಕರೆಪ್ಪ ಹಗ್ಗ ಹಾಕಿದ.

ಹುಳ ತೆಗೆದು ಔಷಧ ಹಚ್ಚಿದ ಡಾಕ್ಟರು, "ಗಾಯ ಮಾಯೂತನಕ ಮನ್ಯಾಗ ಕಟ್ರಿ," ಎಂದರು.

"ಮಾಯ್ದ ಮ್ಯಾಲೆ ಬಿಡಬೇಕಲ್ರಿ. ಆವಾಗ ಯಾರ ಹೋರಿ ಅಂತ ಬಿಡ್ಲಿ?"

ಡಾಕ್ಟರು ಕೈ ತೊಳೆಯುತ್ತ ಬಾಯವ್ವನ ಕಡೆ ನೋಡಿದರು. ಬಾಯವ್ವ ಆಗಲೇ ಹೋರಿಯ ಹಗ್ಗ ಹಿಡಿದು ಮನೆಯ ದಾರಿ ಹಿಡಿದಿದ್ದಳು.